ಕನಿಷ್ಠ ವೇತನ ಏರಿದಾಗ ನಿಮ್ಮ ಕೈಗೆ ಎಷ್ಟು ಬರಬೇಕು? ಲೆಕ್ಕ ಹಾಕುವುದು ಹೇಗೆ, ಬಾಕಿ ಕೇಳುವುದು ಹೇಗೆ

ಕರ್ನಾಟಕದಲ್ಲಿ ಪ್ರತಿ ವರ್ಷ ಏಪ್ರಿಲ್ 1ರಿಂದ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತದೆ. ಅದಲ್ಲದೆ, ಮೂಲ ದರವನ್ನೇ ಐದು ವರ್ಷದೊಳಗೆ ಒಮ್ಮೆ ಪರಿಶೀಲಿಸಬೇಕೆಂದು ಕಾನೂನಿದೆ. ಏರಿಕೆ ಆದಾಗ ಪೇಪರ್‌ನಲ್ಲಿ ಒಂದು ಸಾಲಿನ ಸುದ್ದಿ ಬರುತ್ತದೆ. ಆದರೆ ಆ ದುಡ್ಡು ಟೈಲರ್‌ಗೆ ತಲುಪುವ ದಾರಿ ಬೇರೆ, ಬೀಡಿ ಕಟ್ಟುವವರಿಗೆ ಬೇರೆ, ಸೆಕ್ಯುರಿಟಿ ಗಾರ್ಡ್‌ಗೆ ಬೇರೆ. ದಾರಿಯಲ್ಲಿ ಅದು ಎಲ್ಲಿ ಕಳೆದುಹೋಗುತ್ತದೆ ಎಂಬುದೂ ಒಬ್ಬೊಬ್ಬರಿಗೆ ಒಂದೊಂದು ಬಗೆ. ಏರಿಕೆ ಆಯಿತೆಂದು ಕೇಳಿದವರು ತಮ್ಮ ಸ್ಲಿಪ್ ತೆಗೆದು ಕೂಡಿ ಕಳೆಯದಿದ್ದರೆ, ಹಣ ಬಂದಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಆ ಲೆಕ್ಕವನ್ನು ಮಾಡುವ ಕ್ರಮ ಇಲ್ಲಿದೆ.

ಲೆಕ್ಕ ತೋರಿಸಲು ಇಲ್ಲಿ ಒಂದೇ ಜೋಡಿ ಅಂಕಿ ಹಿಡಿದಿದ್ದೇವೆ: ಬೇಸಿಕ್ (ಮೂಲ ವೇತನ) ಮತ್ತು ವಿಡಿಎ (ಬೆಲೆಯ ಜೊತೆ ಬದಲಾಗುವ ತುಟ್ಟಿಭತ್ಯೆ) ಸೇರಿ ತಿಂಗಳಿಗೆ 13,500 ರೂ. ಇದ್ದದ್ದು 14,200 ರೂ. ಆಯಿತು, ಅಂದರೆ 700 ರೂ. ಏರಿತು ಎಂದು. ಇದು ಯಾವ ಉದ್ದಿಮೆಯ ನಿಜ ದರವೂ ಅಲ್ಲ. ನಿಮ್ಮ ದರ ಸಿಕ್ಕಮೇಲೆ ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲು ನಿಮ್ಮ ದರ ಹುಡುಕಿ

ದರ ಗೊತ್ತಾಗಲು ಮೂರು ಸಂಗತಿ ಬೇಕು: ಉದ್ದಿಮೆ, ವಲಯ, ದರ್ಜೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಉದ್ದಿಮೆವಾರು ಪಟ್ಟಿ ಇರುತ್ತದೆ. ಗಾರ್ಮೆಂಟ್ಸ್‌ನವರು ಪಟ್ಟಿಯಲ್ಲಿ ಆ ಹೆಸರನ್ನಷ್ಟೇ ಹುಡುಕಬೇಡಿ, ಟೈಲರಿಂಗ್ ಉದ್ದಿಮೆ ಎಂಬ ಹೆಸರಿನಡಿಯೂ ನೋಡಿ. ವಲಯ ನಿರ್ಧಾರವಾಗುವುದು ನೀವು ಕೆಲಸ ಮಾಡುವ ಜಾಗದಿಂದ. ಕಂಪನಿಯ ಹೆಡ್ ಆಫೀಸ್ ಎಲ್ಲಿದೆ, ನಿಮ್ಮ ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಬೆಂಗಳೂರಿನ ಏಜೆನ್ಸಿಯೊಂದು ನಿಮ್ಮನ್ನು ತುಮಕೂರಿನಲ್ಲಿ ನಿಲ್ಲಿಸಿದರೆ ತುಮಕೂರಿನ ವಲಯ. ತುಮಕೂರಿನ ಏಜೆನ್ಸಿ ಬೆಂಗಳೂರಿಗೆ ಕಳಿಸಿದರೆ ಬೆಂಗಳೂರಿನ ವಲಯ.

ಹೆಚ್ಚು ಮೋಸ ನಡೆಯುವುದು ದರ್ಜೆಯಲ್ಲಿ. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ವಿಂಗಡಣೆಯ ಕೆಳಗೆ ಯಾವ ಕೆಲಸ ಯಾವುದರಲ್ಲಿ ಬರುತ್ತದೆಂದು ಅಧಿಸೂಚನೆಯಲ್ಲೇ ಬರೆದಿರುತ್ತದೆ. ನೇಮಕಾತಿ ಪತ್ರದಲ್ಲಿ ‘ಹೆಲ್ಪರ್’ ಎಂದಿದ್ದು ನೀವು ಎರಡು ವರ್ಷದಿಂದ ಮೆಷಿನ್ ಮೇಲೆ ಕೂತು ಕಾಲರ್ ಹಾಕುತ್ತಿದ್ದರೆ, ಪಟ್ಟಿಯಲ್ಲಿ ನೋಡಬೇಕಾದದ್ದು ಟೈಲರ್ ದರ. ಮಾಡುವ ಕೆಲಸವೇ ದರ್ಜೆಗೆ ಆಧಾರ. ಇದಕ್ಕೆ ಸಾಕ್ಷಿಯಾಗಿ ಉತ್ಪಾದನೆ ಶೀಟಿನಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಆಪರೇಷನ್ ಹೆಸರಿನ ಫೋಟೊ ಇಟ್ಟುಕೊಂಡರೆ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ತುಟ್ಟಿಭತ್ಯೆಯ ಸೂತ್ರ ಅಧಿಸೂಚನೆಯ ಷರತ್ತುಗಳ ಭಾಗದಲ್ಲಿ ಇರುತ್ತದೆ: ಗ್ರಾಹಕ ಬೆಲೆ ಸೂಚ್ಯಂಕ ಇಂತಿಷ್ಟು ಅಂಶ ದಾಟಿದ ಮೇಲೆ ಪ್ರತಿ ಅಂಶಕ್ಕೆ ದಿನಕ್ಕೆ ಇಷ್ಟು ಪೈಸೆ ಎಂದು. ಅಂಶಕ್ಕೆ 4 ಪೈಸೆ ಇದ್ದು ಸೂಚ್ಯಂಕ 250 ಅಂಶ ಏರಿದರೆ ದಿನಕ್ಕೆ 10 ರೂ. ಹೆಚ್ಚುತ್ತದೆ. ಕಾರ್ಖಾನೆಯವರು ಕೊಟ್ಟರೆ ಉಂಟು, ಬಿಟ್ಟರೆ ಇಲ್ಲ ಎನ್ನುವಂಥದ್ದಲ್ಲ ಇದು. ಬೆಲೆ ಏರಿದ್ದರಿಂದ ಸವೆದುಹೋದ ಕೂಲಿಯನ್ನು ಒಂದು ವರ್ಷ ತಡವಾಗಿ ಸರಿಪಡಿಸುವುದು, ಅಷ್ಟೆ. ಆದ್ದರಿಂದ ವಿಡಿಎ ಏರಿಕೆಯನ್ನು ಇನ್‌ಕ್ರಿಮೆಂಟ್ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೊಸ ಕಾನೂನಿನ ಬಗ್ಗೆ ಒಂದು ಮಾತು. 1948ರ ಕನಿಷ್ಠ ವೇತನ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ 2019 ಬಂದಿದ್ದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸಂಹಿತೆಗೆ ವಿರುದ್ಧವಾಗಿಲ್ಲದ ಹಳೆಯ ಅಧಿಸೂಚನೆಗಳು ಹಾಗೇ ಮುಂದುವರಿಯುತ್ತವೆ. ‘ಹಳೇ ಕಾಯ್ದೆ ಹೋಯಿತು, ಹಳೇ ದರವೂ ಹೋಯಿತು’ ಎನ್ನುವುದು ಸುಳ್ಳು.

ಸ್ಲಿಪ್ ಮೇಲಿನ ಲೆಕ್ಕ

ತಿಂಗಳ ದರವನ್ನು ದಿನಕ್ಕೆ ಇಳಿಸುವಾಗ 26ರಿಂದ ಭಾಗಿಸಬೇಕು. 14,200 ÷ 26 = 546.15 ರೂ. ಅದನ್ನು 8ರಿಂದ ಭಾಗಿಸಿದರೆ ಗಂಟೆಗೆ 68.27 ರೂ. ಓಟಿ (ಹೆಚ್ಚುವರಿ ಗಂಟೆಯ ಕೂಲಿ) ಅದರ ಎರಡರಷ್ಟು, ಅಂದರೆ ಗಂಟೆಗೆ 136.54 ರೂ.

ಇಷ್ಟು ಸರಳ ಲೆಕ್ಕದಲ್ಲೇ ಎರಡು ಕಡೆ ಕೈಚಳಕ ನಡೆಯುತ್ತದೆ. ಒಂದು, ದಿನಗೂಲಿಯವರಿಗೆ 30ರಿಂದ ಭಾಗಿಸಿ 473.33 ರೂ. ಎಂದು ಹೇಳಿ, ದುಡಿದ 26 ದಿನಕ್ಕೆ ಮಾತ್ರ ಕೊಡುವುದು. ಕೈಗೆ ಬರುವುದು 12,307 ರೂ. ತಿಂಗಳಿಗೆ 1,893 ರೂ. ಹೋಯಿತು, ಏರಿಕೆಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಇನ್ನೊಂದು, ಓಟಿಯನ್ನು ಬೇಸಿಕ್ ಮೇಲೆ ಮಾತ್ರ ಕಟ್ಟುವುದು. 14,200ರಲ್ಲಿ ಬೇಸಿಕ್ 10,000 ಎಂದಿಟ್ಟುಕೊಳ್ಳಿ. ಆಗ ಓಟಿ ಗಂಟೆಗೆ 96.15 ರೂ. ಆಗುತ್ತದೆ, ಗಂಟೆಗೆ 40 ರೂ. ನಷ್ಟ. ವಿಡಿಎ ವೇತನದ ಭಾಗ, ಓಟಿಗೆ ಅದನ್ನು ಸೇರಿಸಲೇಬೇಕು. ವರ್ಷ ಕಳೆದಂತೆ ವೇತನದಲ್ಲಿ ವಿಡಿಎ ಪಾಲು ದೊಡ್ಡದಾಗುವುದರಿಂದ ಈ ನಷ್ಟವೂ ಪ್ರತಿ ಏಪ್ರಿಲ್‌ಗೆ ಬೆಳೆಯುತ್ತದೆ.

700 ರೂ. ಏರಿದರೆ ಕೈಗೆ 700 ಬರುವುದಿಲ್ಲ. ಪಿಎಫ್ 12% ಅಂದರೆ 84 ರೂ., ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 0.75% ಅಂದರೆ 5.25 ರೂ. ಕಡಿತ. ಉಳಿಯುವುದು ಸುಮಾರು 611 ರೂ. ಇದು ಸರಿಯಾದ ಕಡಿತ, ಗಾಬರಿ ಬೇಡ. ಮಾಲೀಕರ ಪಾಲಿನ ಪಿಎಫ್ ಮತ್ತು ಇಎಸ್‌ಐಯ 3.25% ಸಹ ಹೆಚ್ಚಬೇಕು. ಅದನ್ನು ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು, ಏಪ್ರಿಲ್ ತಿಂಗಳ ‘ವೇಜಸ್’ ಕಾಲಂನಲ್ಲಿ ಹೊಸ ಅಂಕಿ ಬಂದಿದೆಯೇ ನೋಡಿ. ಸ್ಲಿಪ್‌ನಲ್ಲಿ 14,200 ತೋರಿಸಿ ಪಿಎಫ್‌ಗೆ ಹಳೆಯ 13,500ನ್ನೇ ಕಳಿಸಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತದೆ.

ಮುಂದೆ ಬೋನಸ್. ಕನಿಷ್ಠ ಬೋನಸ್ 8.33%. ಇದನ್ನು ತಿಂಗಳಿಗೆ 7,000 ರೂ. ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕೆಂಬುದು ಬೋನಸ್ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ನಿಯಮ. 14,200ರ ಮೇಲೆ ವರ್ಷಕ್ಕೆ 14,194 ರೂ. 7,000ದ ಮೇಲೆ ಕಟ್ಟಿದರೆ 6,997 ರೂ. ಮಾತ್ರ. ಹಬ್ಬದ ಮುನ್ನ ಏಳು ಸಾವಿರದ ಹತ್ತಿರದ ಚೆಕ್ ಬಂದರೆ ಯಾವ ಅಂಕಿಯ ಮೇಲೆ ಕಟ್ಟಿದ್ದಾರೆಂದು ತಕ್ಷಣ ಕೇಳಿ.

ಗ್ರಾಚ್ಯುಟಿಯ (ಕೆಲಸ ಬಿಡುವಾಗ ಸಿಗುವ ಇಡಿಗಂಟಿನ) ಸಂಗತಿ ಗೊತ್ತಿಲ್ಲದೆ ಬಹಳ ಜನ ಕಳೆದುಕೊಳ್ಳುತ್ತಾರೆ. ಅದನ್ನು ಕೊನೆಯ ತಿಂಗಳ ವೇತನದ ಮೇಲೆ, ವರ್ಷಕ್ಕೆ 15 ದಿನದಂತೆ, 26ರಿಂದ ಭಾಗಿಸಿ ಕಟ್ಟುತ್ತಾರೆ. ಆದ್ದರಿಂದ ಇಂದಿನ 700 ರೂ. ಏರಿಕೆ ಹಿಂದಿನ ಎಲ್ಲ ವರ್ಷಗಳಿಗೂ ಅನ್ವಯವಾಗುತ್ತದೆ. 12 ವರ್ಷ ಸರ್ವಿಸ್ ಇದ್ದವರಿಗೆ 700 × 15 ÷ 26 × 12 = 4,846 ರೂ. ಹೆಚ್ಚು. ಮಾರ್ಚ್ ಕೊನೆಗೆ ರಾಜೀನಾಮೆ ಕೊಡಬೇಕೆಂದಿದ್ದರೆ ಏಪ್ರಿಲ್ ಸಂಬಳ ತೆಗೆದುಕೊಂಡು ಬಿಡಿ. ಮಕ್ಕಳ ಶಾಲೆ ಫೀಸಿಗೆ ಪಿಎಫ್ ತೆಗೆಯಲೆಂದೇ ಆ ಹೊತ್ತಿನಲ್ಲಿ ಕೆಲಸ ಬಿಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಈ ಮಾತನ್ನು ತಪ್ಪದೆ ತಿಳಿಸಿ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದರೆ

ಏರಿಕೆಗೆ ಮುಂಚಿನ ಸ್ಲಿಪ್, ನಂತರದ ಸ್ಲಿಪ್ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದಿ. ಹಳೆಯದರಲ್ಲಿ 13,500 ಮತ್ತು ಮನೆ ಬಾಡಿಗೆ ಭತ್ಯೆ 900, ಒಟ್ಟು 14,400. ಹೊಸದರಲ್ಲಿ 14,200 ಮತ್ತು ಭತ್ಯೆ 200, ಒಟ್ಟು ಅದೇ 14,400. ಕಾಗದದ ಮೇಲೆ ಕನಿಷ್ಠ ವೇತನ ಸರಿಯಾಗಿದೆ. ಆದರೆ ಪಿಎಫ್ ಈಗ 14,200ರ ಮೇಲೆ ಹೋಗುವುದರಿಂದ ಕೈಗೆ ಬರುವ ಸಂಬಳ 84 ರೂ. ಇಳಿದಿರುತ್ತದೆ. ಕನಿಷ್ಠ ವೇತನ ಏರಿದ ತಿಂಗಳೇ ಸಂಬಳ ಕಡಿಮೆ ಬಂತೆಂದು ಯಾರಾದರೂ ಹೇಳಿದರೆ ಅವರು ತಪ್ಪಿ ಹೇಳುತ್ತಿಲ್ಲ, ಹೀಗಾಗಿರುತ್ತದೆ.

ಇದನ್ನು ಪ್ರಶ್ನಿಸುವ ದಾರಿ ಇದೆ. ಇದ್ದ ಭತ್ಯೆಯನ್ನು ಇಳಿಸುವುದು ಸೇವಾ ಷರತ್ತಿನ ಬದಲಾವಣೆ. ಅದಕ್ಕೆ 21 ದಿನ ಮುಂಚೆ ನೋಟಿಸ್ ಕೊಡಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಹೀಗೇ ಇದೆ. ನೋಟಿಸ್ ಇಲ್ಲದೆ ಇಳಿಸಿದ್ದರೆ ಅದನ್ನೇ ಮೊದಲ ಅಂಶವಾಗಿ ಬರೆಯಿರಿ.

ಆದರೆ ಒಂದು ತೀರ್ಪನ್ನು ತಿಳಿದಿರಬೇಕು. ಕರ್ನಾಟಕದಿಂದಲೇ ಹೋದ ಏರ್‌ಫ್ರೈಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ಮಾಲೀಕರು ಕೊಡುವ ವೇತನ ಕನಿಷ್ಠ ದರ ಮತ್ತು ತುಟ್ಟಿಭತ್ಯೆ ಎರಡೂ ಸೇರಿದ ಮೊತ್ತಕ್ಕಿಂತ ಹೆಚ್ಚೇ ಇದ್ದರೆ ವಿಡಿಎ ಪ್ರತ್ಯೇಕವಾಗಿ ಕೊಡಬೇಕಿಲ್ಲ ಎಂದಿತು. ಆದ್ದರಿಂದ ‘ವಿಡಿಎ ಕಾಲಂ ಇಲ್ಲ’ ಎಂಬ ಒಂದೇ ದೂರು ನಿಲ್ಲುವುದಿಲ್ಲ, ಒಟ್ಟು ವೇತನ ಕಡಿಮೆ ಬಿದ್ದಿದೆಯೆಂದು ತೋರಿಸಬೇಕು. ಹೊಸ ಸಂಹಿತೆಯಲ್ಲಿ ‘ವೇತನ’ ಎಂದರೆ ಬೇಸಿಕ್, ತುಟ್ಟಿಭತ್ಯೆ, ಉಳಿಕೆ ಭತ್ಯೆ (ಕೆಲಸವಿಲ್ಲದ ಅವಧಿಯಲ್ಲಿ ಕಾರ್ಮಿಕರನ್ನು ಉಳಿಸಿಕೊಳ್ಳಲು ಕೊಡುವುದು). ಮನೆ ಬಾಡಿಗೆ, ಪ್ರಯಾಣ, ಓಟಿ ಅದರ ಹೊರಗೆ. ಹೊರಗಿನವೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ ಮಾತ್ರ ದಾಟಿದ ಭಾಗ ವೇತನಕ್ಕೆ ಸೇರುತ್ತದೆ. ಅಂದರೆ ಬಸ್ ಭತ್ಯೆ, ಹಾಜರಾತಿ ಬೋನಸ್ ಸೇರಿಸಿ ‘ಕನಿಷ್ಠ ವೇತನ ಮುಟ್ಟಿದೆ’ ಎಂದು ಹೇಳುವುದು ಸಾಮಾನ್ಯ ಸ್ಲಿಪ್‌ಗಳಲ್ಲಿ ನಡೆಯುವುದಿಲ್ಲ.

ಇನ್ನು ಊಟ, ಬಸ್ಸಿನ ಕಡಿತ ಏಪ್ರಿಲ್‌ನಲ್ಲೇ ಏರಿತೇ ಎಂದೂ ನೋಡಿ.

ಗಾರ್ಮೆಂಟ್ಸ್: ಸಂಬಳ ಏರಿತು, ಟಾರ್ಗೆಟ್ ಎಷ್ಟು ಏರಿತು?

ಫ್ಲೋರ್‌ನಲ್ಲಿ ಏರಿಕೆಯನ್ನು ವಾಪಸ್ ಪಡೆಯುವ ದೊಡ್ಡ ದಾರಿ ಸ್ಲಿಪ್‌ನಲ್ಲಿ ಕಾಣುವುದೇ ಇಲ್ಲ, ಅದು ಗಂಟೆಯ ಟಾರ್ಗೆಟ್ ಬೋರ್ಡಿನಲ್ಲಿದೆ. ಒಂದು ಆಪರೇಷನ್‌ಗೆ ಸ್ಯಾಮ್ (ಒಂದು ಪೀಸಿಗೆ ನಿಗದಿಯಾದ ಸಮಯ) 0.60 ನಿಮಿಷ ಎಂದರೆ ನೂರಕ್ಕೆ ನೂರು ದಕ್ಷತೆಯಲ್ಲಿ ಗಂಟೆಗೆ 100 ಪೀಸ್. ಲೈನ್ 65%ರಲ್ಲಿ ಓಡುತ್ತಿದ್ದರೆ ಟಾರ್ಗೆಟ್ 65. ಹಳೇ ಸಂಬಳದಲ್ಲಿ ಗಂಟೆಗೆ 64.90 ರೂ., ಅಂದರೆ ಪೀಸಿಗೆ 99.8 ಪೈಸೆ ಬೀಳುತ್ತಿತ್ತು. ಸಂಬಳ 5.2% ಏರಿತು. ಅದೇ ತಿಂಗಳು ಟಾರ್ಗೆಟ್ 72ಕ್ಕೆ ಹೋದರೆ ಕೆಲಸ 10.8% ಏರಿತು. ಈಗ 68.27 ÷ 72, ಪೀಸಿಗೆ 94.8 ಪೈಸೆ. ಹೆಚ್ಚು ಸಂಬಳ ಪಡೆದು, ಪೀಸಿನ ಲೆಕ್ಕದಲ್ಲಿ ಮೊದಲಿಗಿಂತ ಅಗ್ಗಕ್ಕೆ ದುಡಿದಂತಾಯಿತು. ಮೈಕೈ ನೋವು, ಬಚ್ಚಲಿಗೆ ಹೋಗಲು ಬಿಡದಿರುವುದು, ಊಟದ ಅರ್ಧ ಗಂಟೆಯಲ್ಲೂ ಮೆಷಿನ್ ಓಡಿಸುವುದು ಇವೆಲ್ಲ ಆ ಏಳು ಪೀಸಿನೊಳಗೆ ಅಡಗಿರುತ್ತವೆ.

ಇದನ್ನು ಹಿಡಿಯಬೇಕಾದರೆ ಮಾರ್ಚ್‌ನಲ್ಲೇ ತಯಾರಿ ಬೇಕು. ಬ್ಯಾಚಿನ ಇಬ್ಬರು ಮೂವರು ಸೇರಿ ಮಾರ್ಚ್ ಕೊನೆಯ ವಾರ ಮತ್ತು ಮೇ ಮೊದಲ ವಾರ ದಿನಾಂಕ, ಸ್ಟೈಲ್, ಆಪರೇಷನ್, ಗಂಟೆಯ ಟಾರ್ಗೆಟ್, ನಿಜವಾಗಿ ಆದ ಪೀಸ್ ಬರೆದಿಡಿ. ಸ್ಟೈಲ್ ಬದಲಾದರೆ ಟಾರ್ಗೆಟ್ ಬದಲಾಗುವುದು ಸಹಜ. ಆದ್ದರಿಂದ ಅದೇ ಸ್ಟೈಲ್ ಅಥವಾ ಅದೇ ಸ್ಯಾಮ್ ಇರುವುದನ್ನೇ ಹೋಲಿಸಿ. ಬೇರೆ ಸ್ಟೈಲ್‌ಗಳನ್ನು ಹೋಲಿಸಿದರೆ ಟಾರ್ಗೆಟ್ ಲೆಕ್ಕ ಹಾಕುವ ಐಇ ವಿಭಾಗದವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಟಾರ್ಗೆಟ್ ಮುಟ್ಟಲಿಲ್ಲವೆಂದು ಶಿಫ್ಟ್ ಮುಗಿದ ಮೇಲೆ ಕೂರಿಸಿಕೊಂಡರೆ ಅದು ಓಟಿ. ಆ ಗಂಟೆಗೆ 136.54 ರೂ. ಬರಬೇಕು. ‘ಕಾಂಪ್ ಆಫ್’ ಎಂದು ಆರ್ಡರ್ ಇಲ್ಲದ ದಿನ ಮನೆಗೆ ಕಳಿಸಿ, ಆಮೇಲೆ ಭಾನುವಾರ ಕರೆಸಿ ಸಾದಾ ದರಕ್ಕೆ ದುಡಿಸುವುದು ದುಪ್ಪಟ್ಟು ದರ ತಪ್ಪಿಸುವ ಉಪಾಯ. ಕೆಲಸ ಕೊಡದೆ ಮನೆಗೆ ಕಳಿಸಿದ ದಿನ ನೀವು ದುಡಿಯಲು ತಯಾರಿದ್ದರೆ ಆ ದಿನದ ಕೂಲಿಯನ್ನು ಕೇಳಿ.

ಹಳಬರಿಗೆ ಇನ್ನೊಂದು ನೋವಿದೆ. ಹತ್ತು ವರ್ಷದಿಂದ ಇರುವ ಟೈಲರ್ 14,100 ಪಡೆಯುತ್ತಿದ್ದಾರೆ, ಹೊಸ ದರ 14,200. ಅವರಿಗೆ ಸಿಗುವುದು 100 ರೂ. ನಿನ್ನೆ ಸೇರಿ 13,500 ಪಡೆಯುತ್ತಿದ್ದವರಿಗೆ 700 ರೂ. ಇಬ್ಬರ ಸಂಬಳವೂ ಒಂದೇ ಆಯಿತು. ಈ ಅಂತರ ಉಳಿಸಬೇಕೆಂದು ಕನಿಷ್ಠ ವೇತನ ಕಾನೂನಿನಲ್ಲಿ ಇಲ್ಲ, ಇದಕ್ಕೆ ಕಾರ್ಮಿಕ ಇಲಾಖೆಗೆ ದೂರು ಕೊಟ್ಟು ಪ್ರಯೋಜನವಿಲ್ಲ. ಇದು ಒಟ್ಟಾಗಿ ಕೂತು ಕೇಳಬೇಕಾದ ಬೇಡಿಕೆ: ಸರ್ವಿಸ್‌ನ ಪ್ರತಿ ವರ್ಷಕ್ಕೆ ಇಷ್ಟು ಎಂದು, ವಿಡಿಎಗೆ ಸೇರದಂತೆ ಬೇರೆ ಕಾಲಂನಲ್ಲಿ ಬರೆಸಿ. ಬೇರೆ ಕಾಲಂ ಇಲ್ಲದಿದ್ದರೆ ಮುಂದಿನ ಏರಿಕೆ ಅದನ್ನೂ ನುಂಗುತ್ತದೆ. ಹೊಸಬರ ಮೇಲೆ ಸಿಟ್ಟು ಮಾಡಿಕೊಳ್ಳುವುದರಿಂದ ಲಾಭ ಕಂಪನಿಗೆ ಮಾತ್ರ.

12 ಗಂಟೆ ಡ್ಯೂಟಿಯ ಗಾರ್ಡ್, ಗುತ್ತಿಗೆಯ ಹೌಸ್‌ಕೀಪಿಂಗ್

ಸೆಕ್ಯುರಿಟಿ ಏಜೆನ್ಸಿಗಳು ಏರಿಕೆ ಬಂದಾಗ ‘ನಾವು ಈಗಾಗಲೇ 18,000 ಕೊಡುತ್ತಿದ್ದೇವೆ, ಕನಿಷ್ಠಕ್ಕಿಂತ ಜಾಸ್ತಿಯೇ ಇದೆ’ ಎನ್ನುತ್ತವೆ. ಲೆಕ್ಕ ಹಾಕಿ. ವಾರಕ್ಕೆ 6 ದಿನ, ದಿನಕ್ಕೆ 12 ಗಂಟೆ, 72 ಗಂಟೆ ಆಯಿತು. ವಾರದ ಮಿತಿ 48. ಉಳಿದ 24 ಗಂಟೆ ಓಟಿ, ದುಪ್ಪಟ್ಟು ದರ. ತಿಂಗಳ 26 ದಿನಕ್ಕೆ 104 ಗಂಟೆ ಓಟಿ × 136.54 = 14,200 ರೂ. ಹೌದು, ದಿನಕ್ಕೆ ನಾಲ್ಕು ಗಂಟೆ ಓಟಿ ಎಂದರೆ ಇನ್ನೊಂದು ಪೂರ್ತಿ ಸಂಬಳ. ಬರಬೇಕಾದದ್ದು 28,400. 18,000 ಕೊಟ್ಟರೆ 10,400 ಕಡಿಮೆ. ವಾರದ ರಜೆಯೂ ಇಲ್ಲದೆ 30 ದಿನ ನಿಲ್ಲಿಸಿದರೆ ಇನ್ನೂ ಹೆಚ್ಚು. ಕನಿಷ್ಠ ವೇತನ ಏರಿದಾಗ ಗಾರ್ಡ್‌ಗೆ ಏರಿಕೆ ಎರಡು ಪಟ್ಟು ಬರಬೇಕು: ಸಂಬಳದಲ್ಲಿ 700, ಓಟಿಯಲ್ಲಿ ಮತ್ತೆ 700.

‘ಸಂಬಳ 21,000 ದಾಟಿತು, ಇನ್ನು ಇಎಸ್‌ಐ ಇಲ್ಲ’ ಎಂದರೂ ಒಪ್ಪಬೇಡಿ. ಇಎಸ್‌ಐ ಮಿತಿ ನೋಡುವಾಗ ಓಟಿ ಸೇರಿಸುವುದಿಲ್ಲ. 14,200 ವೇತನದ ಗಾರ್ಡ್ ಓಟಿ ಸೇರಿ 28,400 ಪಡೆದರೂ ಇಎಸ್‌ಐ ಒಳಗೇ ಇರುತ್ತಾರೆ.

ಆಸ್ಪತ್ರೆ, ಕಚೇರಿ, ಹಾಸ್ಟೆಲ್‌ಗಳಲ್ಲಿ ಗುತ್ತಿಗೆಯ ಮೇಲಿರುವವರಿಗೆ ಕೇಳಿಬರುವ ಉತ್ತರ: ‘ಟೆಂಡರ್ ಹಳೇ ದರಕ್ಕಾಗಿದೆ, ಬಿಲ್ ಪಾಸಾದ ಮೇಲೆ ನೋಡೋಣ.’ ಟೆಂಡರ್ ಗುತ್ತಿಗೆದಾರ ಮತ್ತು ಸಂಸ್ಥೆಯ ನಡುವಿನ ವ್ಯವಹಾರ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯಲು ಕಾರ್ಮಿಕರೇ ಒಪ್ಪಿ ಸಹಿ ಹಾಕಿದರೂ ಆ ಒಪ್ಪಂದ ನಿಲ್ಲುವುದಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಯಾರ ಜಾಗದಲ್ಲಿ ದುಡಿಯುತ್ತೀರೋ ಆ ಸಂಸ್ಥೆಯೇ ಕೊಡಬೇಕು. ಆದ್ದರಿಂದ ಪತ್ರವನ್ನು ಯಾವಾಗಲೂ ಇಬ್ಬರ ಹೆಸರಿಗೂ ಬರೆಯಿರಿ. ಗುತ್ತಿಗೆದಾರ ರಾತ್ರೋರಾತ್ರಿ ಬದಲಾಗಬಹುದು, ಆಸ್ಪತ್ರೆ ಎಲ್ಲಿಗೂ ಹೋಗುವುದಿಲ್ಲ. 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದೇ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಸಂಸ್ಥೆಗೆ ಬರೆಯುವ ಪತ್ರದಲ್ಲಿ ಈ ಸಾಲು ಇರಲಿ.

ಸಾವಿರ ಬೀಡಿ, ಕೆ.ಜಿ. ಕಾಫಿ

ಮಂಗಳೂರು ಕಡೆ ಮನೆಯಲ್ಲೇ ಬೀಡಿ ಕಟ್ಟುವವರಿಗೆ ದರ ಸಾವಿರ ಬೀಡಿಗೆ ಇಷ್ಟು ಎಂದಿರುತ್ತದೆ, ವಿಡಿಎ ಕೂಡ ಸಾವಿರದ ಲೆಕ್ಕದಲ್ಲೇ. ಇಲ್ಲಿ ಏರಿಕೆ ಹೋಗುವುದು ಎಲೆಯಲ್ಲಿ. ಬ್ರಾಂಚಿನಲ್ಲಿ ಕೊಟ್ಟ ಎಲೆಗೆ ಸಾವಿರ ಬೀಡಿ ಆಗದಿದ್ದರೆ ಉಳಿದ ಎಲೆ ಕೈಯಿಂದ ಕೊಂಡು ತುಂಬಬೇಕು. ಸಾವಿರಕ್ಕೆ 12 ರೂ. ಏರಿ, ಎಲೆಗೆ 10 ರೂ. ಖರ್ಚಾದರೆ ಉಳಿದದ್ದು 2 ರೂ. ಮಾತ್ರ. ಎಲೆ ಪಡೆದ ದಿನವೇ ತೂಗಿ ಪಾಸ್‌ಬುಕ್ಕಿನ ಪಕ್ಕದಲ್ಲಿ ತೂಕ ಬರೆದುಕೊಳ್ಳಿ, ತಿರಸ್ಕರಿಸಿದ ಬೀಡಿಯ ಸಂಖ್ಯೆಯನ್ನೂ ಬರೆಯಿರಿ. ದರ ಏರಿದ ತಿಂಗಳ ನಂತರ ತಿರಸ್ಕಾರ ಹೆಚ್ಚಿತೆ, ವಾರಕ್ಕೆ ಕೊಡುವ ಕೆಲಸ ಕಡಿಮೆಯಾಯಿತೆ ಎಂಬುದು ಮೂರು ತಿಂಗಳ ಬರಹದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಂಪನಿಯ ದರ ಸರಿಯಿದ್ದು ನಡುವಿನ ಗುತ್ತಿಗೆದಾರ ಹಿಡಿದುಕೊಳ್ಳುವುದೂ ಉಂಟು. ಪಾಸ್‌ಬುಕ್ ಇಲ್ಲದವರು, ಅತ್ತೆಯ ಅಥವಾ ಅಕ್ಕನ ಹೆಸರಿನಲ್ಲಿ ಕಟ್ಟುವವರು ಯಾವ ಬಾಕಿಯನ್ನೂ ಕೇಳಲಾರರು. ಮೊದಲು ಸ್ವಂತ ಹೆಸರಿನ ಪುಸ್ತಕ ಮಾಡಿಸಿಕೊಳ್ಳಿ.

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಲು ಕೆ.ಜಿ. ಲೆಕ್ಕ. ಗಿಡ ತುಂಬ ಹಣ್ಣಿರುವಾಗ ಕೆ.ಜಿ. ಲೆಕ್ಕವೇ ಲಾಭ. ಕೊನೆಯ ಸುತ್ತಿನಲ್ಲಿ, ಅಲ್ಲೊಂದು ಇಲ್ಲೊಂದು ಹಣ್ಣು ಹುಡುಕಿ ಕೊಯ್ಯುವಾಗ, ಇಡೀ ದಿನ ದುಡಿದರೂ ದಿನಗೂಲಿ ಮುಟ್ಟುವುದಿಲ್ಲ. ಆ ದಿನ ಕನಿಷ್ಠ ದಿನಗೂಲಿಯಷ್ಟು ಭರ್ತಿ ಮಾಡಿಕೊಡಬೇಕು. ಕನಿಷ್ಠ ದರ ಏರಿದಂತೆ ಭರ್ತಿಯ ದಿನಗಳೂ ಹೆಚ್ಚುತ್ತವೆ, ಕೆ.ಜಿ. ದರ ಅಷ್ಟೇ ಇದ್ದರಂತೂ ಖಂಡಿತ. ತಿಂಗಳ ಸರಾಸರಿ ತೆಗೆದು ‘ಒಟ್ಟಿನಲ್ಲಿ ಸರಿಯಾಯಿತು’ ಎನ್ನಲು ಬಿಡದೆ, ದಿನದಿನದ ತೂಕ ಬರೆದಿಡಿ.

ಮನೆಗೆಲಸ

ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು, ದೇಶದಲ್ಲಿ ಬಹಳ ಮುಂಚೆ. ಆದರೂ ಏರಿಕೆ ಅತಿ ಕಡಿಮೆ ತಲುಪುವುದು ಇಲ್ಲಿಗೇ, ಏಕೆಂದರೆ ಸ್ಲಿಪ್ ಇಲ್ಲ, ಹಾಜರಿ ಪುಸ್ತಕ ಇಲ್ಲ, ಮನೆಯೊಳಗೆ ತಪಾಸಣೆ ಇಲ್ಲ. ನಾಲ್ಕು ಮನೆಯಲ್ಲಿ ಕೆಲಸ ಮಾಡುವವರು ಪ್ರತಿ ಮನೆಯ ಗಂಟೆ ಬರೆದುಕೊಳ್ಳಿ. ದಿನಕ್ಕೆ ಒಂದೂವರೆ ಗಂಟೆ, 26 ದಿನ, ಒಟ್ಟು 39 ಗಂಟೆ. ಗಂಟೆಗೆ 68.27ರಂತೆ 2,662 ರೂ. ‘ಪಾತ್ರೆಗೆ ಇಷ್ಟು, ನೆಲಕ್ಕೆ ಇಷ್ಟು’ ಎಂದು ಮಾತಾಡಿದರೆ ಮನೆಗೆ ನೆಂಟರು ಬಂದ ದಿನದ ಕೆಲಸವೂ ಅದರಲ್ಲೇ ಸೇರಿಹೋಗುತ್ತದೆ. ಗಂಟೆಯ ಲೆಕ್ಕದಲ್ಲಿ ಮಾತಾಡಿದರೆ ಹೆಚ್ಚಿನ ಕೆಲಸಕ್ಕೆ ಹೆಚ್ಚು ಕೇಳಬಹುದು. ಏಪ್ರಿಲ್ ಒಂದನೇ ವಾರ ಕೇಳಿ, ಒಪ್ಪಿದ ಮೊತ್ತವನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿ: ‘ಅಕ್ಕ, ಈ ತಿಂಗಳಿಂದ ಇಷ್ಟು ಎಂದು ಮಾತಾಯಿತಲ್ಲ, ಸರಿ.’ ಸಂಬಳ ಫೋನ್‌ಪೇಯಲ್ಲಿ ಹಾಕಿಸಿಕೊಂಡರೆ ಅದೇ ದಾಖಲೆ. ಒಂದೇ ಅಪಾರ್ಟ್‌ಮೆಂಟಿನ ಎಲ್ಲರೂ ಒಂದೇ ವಾರದಲ್ಲಿ, ಒಂದೇ ಗಂಟೆ ದರ ಕೇಳುವುದು ಒಬ್ಬರೇ ಕೇಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಆಶಾ, ಅಂಗನವಾಡಿ, ಬಿಸಿಯೂಟದವರಿಗೆ ಗೌರವಧನ ಎಂಬ ಹೆಸರಿನಲ್ಲಿ ಕೊಡುವುದರಿಂದ ಈ ಏರಿಕೆ ತಾನಾಗಿ ಅನ್ವಯಿಸುವುದಿಲ್ಲ. ಇದು ಅನ್ಯಾಯ, ಬೇರೆ ಹೋರಾಟ. ಡೆಲಿವರಿ ಹುಡುಗರಿಗೆ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ನಿಧಿ ತಂದಿದೆ, ಕನಿಷ್ಠ ವೇತನ ತಂದಿಲ್ಲ.

ಮಿತಿ ದಾಟುವಾಗ ಎಚ್ಚರ

ಏರಿಕೆಯಿಂದ ಕೆಲವರು ಒಂದು ಗೆರೆ ದಾಟುತ್ತಾರೆ. ಪಿಎಫ್‌ನ ಈಗಿನ ವೇತನ ಮಿತಿ 15,000. ಈಗಾಗಲೇ ಸದಸ್ಯರಾಗಿರುವವರನ್ನು ವೇತನ ದಾಟಿತೆಂದು ಹೊರಗೆ ಹಾಕುವಂತಿಲ್ಲ. ಆದರೆ ವಂತಿಗೆಯನ್ನು 15,000ಕ್ಕೆ ಸೀಮಿತಗೊಳಿಸಿ 1,800 ರೂ.ಗೆ ನಿಲ್ಲಿಸಬಹುದು. ಹಿಂದೆ ಎಂದೂ ಪಿಎಫ್ ಇಲ್ಲದೆ ಹೊಸದಾಗಿ 15,400ಕ್ಕೆ ಸೇರುವವರನ್ನು ಬಿಟ್ಟುಬಿಡಲು ಅವಕಾಶವಿದೆ. ಸೇರುವಾಗಲೇ ಪಿಎಫ್ ಬೇಕೆಂದು ಕೇಳಿ.

ಇಎಸ್‌ಐಯಲ್ಲಿ ತಾರೀಖು ಮುಖ್ಯ. ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ 21,000 ದಾಟಿದರೆ ಅವಧಿ ಮುಗಿಯುವವರೆಗೆ ಒಳಗೇ ಇರುತ್ತೀರಿ. ವಿಡಿಎ ಏರುವುದು ಸರಿಯಾಗಿ ಏಪ್ರಿಲ್ 1ಕ್ಕೆ, ಹೊಸ ಅವಧಿ ಶುರುವಾಗುವ ದಿನವೇ. ಹಾಗಾಗಿ 20,700ರಿಂದ 21,400ಕ್ಕೆ ಹೋದ ಕುಶಲ ಕಾರ್ಮಿಕರು ಅಂದೇ ಹೊರಬೀಳುತ್ತಾರೆ. ತಿಂಗಳಿಗೆ 155 ರೂ. ಉಳಿಯುತ್ತದೆ, ಮನೆಮಂದಿಯ ಆಸ್ಪತ್ರೆ ಹೋಗುತ್ತದೆ. ಸಮಾಧಾನವೆಂದರೆ, ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಅದರ ಸೌಲಭ್ಯ ಡಿಸೆಂಬರ್‌ವರೆಗೆ ಸಿಗುತ್ತದೆ. ಮುಂದೂಡಿದ ಆಪರೇಷನ್, ತಪಾಸಣೆ ಇದ್ದರೆ ಅಷ್ಟರಲ್ಲಿ ಮಾಡಿಸಿಕೊಳ್ಳಿ. ಕಂಪನಿಯಿಂದ ಗುಂಪು ವಿಮೆ ಕೇಳಿ.

ತಿಂಗಳ ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ 200 ರೂ. ಶುರುವಾಗುತ್ತದೆ. ಬಿಪಿಎಲ್ ಕಾರ್ಡಿನ ವಾರ್ಷಿಕ ಆದಾಯ ಮಿತಿ 1.20 ಲಕ್ಷ, ಅಂದರೆ ತಿಂಗಳಿಗೆ 10,000. ಪೂರ್ತಿ ಕನಿಷ್ಠ ವೇತನ ಪಡೆಯುವ ಯಾರಾದರೂ ಆ ಗೆರೆಯ ಆಚೆ ಇದ್ದಾರೆ. ಕನಿಷ್ಠ ವೇತನ ಏರಿದರೂ ಈ ಮಿತಿ ಏರದಿರುವುದು ಸರ್ಕಾರ ಸರಿಪಡಿಸಬೇಕಾದ ದೋಷ. ಅದಕ್ಕೆ ಹೆದರಿ ಕಡಿಮೆ ಸಂಬಳ ತೋರಿಸಿಕೊಳ್ಳಲು ಒಪ್ಪಿದರೆ ಪಿಎಫ್, ಬೋನಸ್, ಗ್ರಾಚ್ಯುಟಿ ಮೂರೂ ಕುಗ್ಗುತ್ತವೆ.

ಕೆಲಸ ಹೋಗುತ್ತದೆಯೇ?

ಪ್ರತಿ ಏರಿಕೆಗೂ ಈ ಬೆದರಿಕೆ ಇದ್ದದ್ದೇ. ಅಮೆರಿಕದ ನ್ಯೂಜೆರ್ಸಿ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಹಾಗೂ ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ ನೋಡಿದರು, ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅದನ್ನು ಹಾಗೇ ತಂದು ನಮ್ಮ ಗಾರ್ಮೆಂಟ್ಸ್‌ಗೆ ಅಂಟಿಸಲಾಗದು: ಬರ್ಗರ್ ಅಂಗಡಿ ಗಿರಾಕಿ ಇರುವಲ್ಲೇ ಇರಬೇಕು, ಷರ್ಟ್ ಎಲ್ಲಿ ಬೇಕಾದರೂ ಹೊಲಿಯಬಹುದು. ವಲಯಗಳ ದರದಲ್ಲಿ ಅಂತರ ದೊಡ್ಡದಾದಷ್ಟೂ ಬೆಂಗಳೂರಿನ ಲೈನ್‌ಗಳು ರಾಮನಗರ, ಮಂಡ್ಯ ಕಡೆ ಹೋಗುತ್ತವೆ. ಹೊಸ ನೇಮಕ ನಿಲ್ಲುವುದು, ರಾಜೀನಾಮೆ ಕೊಟ್ಟವರ ಜಾಗ ತುಂಬದಿರುವುದು, ಮೆಷಿನ್‌ಗಳು ಲಾರಿ ಹತ್ತುವುದು ಮುನ್ಸೂಚನೆ. ‘ರಾಜೀನಾಮೆ ಬರೆದುಕೊಡಿ, ಸೆಟಲ್‌ಮೆಂಟ್ ಬೇಗ ಆಗುತ್ತದೆ’ ಎಂದಾಗ ಬರೆದುಕೊಡಬೇಡಿ. ಅವರಾಗಿ ತೆಗೆದರೆ ನೋಟಿಸ್ ಅವಧಿಯ ಜೊತೆಗೆ ವರ್ಷಕ್ಕೆ 15 ದಿನದ ಪರಿಹಾರ ಬರಬೇಕು. ನೀವಾಗಿ ಬಿಟ್ಟರೆ ಅದು ಇಲ್ಲ.

ಬಾಕಿ ಕೇಳುವ ಕ್ರಮ

2020ರ ಉದಾಹರಣೆ ಎಲ್ಲ ಕಾರ್ಮಿಕರಿಗೂ ತಿಳಿದಿರಬೇಕು. ಆ ವರ್ಷ ಏಪ್ರಿಲ್‌ನಿಂದ ಬರಬೇಕಿದ್ದ ವಿಡಿಎ, ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ ಸುಮಾರು 417 ರೂ. ಅದನ್ನು ಒಂದು ವರ್ಷ ಮುಂದೂಡಿ ಸರ್ಕಾರ ಜುಲೈನಲ್ಲಿ ಆದೇಶ ಹೊರಡಿಸಿತು, ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ತಡೆ ಬಂದ ಮೇಲೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಬಂದದ್ದು ಕಾರ್ಮಿಕ ಸಂಘಗಳು ಒತ್ತಿ ಕೇಳಿ, ವಿದೇಶಿ ಬ್ರಾಂಡ್‌ಗಳವರೆಗೂ ವಿಷಯ ಮುಟ್ಟಿಸಿದ ಮೇಲೆ.

ಮೊದಲು ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ತಿಂಗಳು, ಬರಬೇಕಾದ ವೇತನ, ಬಂದ ವೇತನ, ವ್ಯತ್ಯಾಸ, ಓಟಿಯ ವ್ಯತ್ಯಾಸ. ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಐಡಿ ಕಾರ್ಡ್, ಪಂಚಿಂಗ್ ಅಥವಾ ಹಾಜರಿಯ ಫೋಟೊ, ಅಧಿಸೂಚನೆಯ ನಿಮ್ಮ ಪುಟ ಲಗತ್ತಿಸಿ. ಮಾಲೀಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಸಹಿ ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಆಮೇಲೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿ, ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಇಲಾಖೆಯ ಸಹಾಯವಾಣಿ 155214.

ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ದೂರು ಮಾತ್ರ ಕೊಟ್ಟು, ಕ್ಲೇಮ್ ಅರ್ಜಿ ಹಾಕದಿರುವುದು. ದೂರಿನ ಮೇಲೆ ತಪಾಸಣೆ ಆಗಬಹುದು, 50,000 ರೂ.ವರೆಗೆ ದಂಡವೂ ಬೀಳಬಹುದು. ಆದರೆ ದಂಡ ಸರ್ಕಾರಕ್ಕೆ ಹೋಗುತ್ತದೆ. ನಿಮ್ಮ ಬಾಕಿ ನಿಮಗೆ ಬರಬೇಕಾದರೆ ಇಂಥ ಕ್ಲೇಮ್ ತೀರ್ಮಾನಿಸುವ ಪ್ರಾಧಿಕಾರದ ಮುಂದೆ ವೇತನ ಸಂಹಿತೆಯ 45ನೇ ಕಲಮಿನಡಿ ಅರ್ಜಿ ಬೇಕು. ವ್ಯತ್ಯಾಸದ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ಹಳೆಯ ಕಾಯ್ದೆಯಲ್ಲಿ ಆರು ತಿಂಗಳಿದ್ದ ಗಡುವು ಈಗ ಮೂರು ವರ್ಷ. ಒಂದೇ ಸಂಸ್ಥೆಯ ಎಷ್ಟು ಜನ ಬೇಕಾದರೂ ಒಂದೇ ಅರ್ಜಿಯಲ್ಲಿ ಸೇರಬಹುದು. ನೋಂದಾಯಿತ ಸಂಘವೂ ಸದಸ್ಯರ ಪರವಾಗಿ ಹಾಕಬಹುದು. ಹಣ ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕರದು, ಆದ್ದರಿಂದ ಒಂದೆರಡು ತಿಂಗಳ ಸ್ಲಿಪ್ ಕಳೆದಿದ್ದರೂ ಹಿಂಜರಿಯಬೇಡಿ. ವಕೀಲರ ಖರ್ಚಿಗೆ ಹೆದರುವುದೂ ಬೇಡ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಬಾಕಿ ಬಿದ್ದ ಅವಧಿಯಲ್ಲಿ ದುಡಿದು ಈಗ ಕೆಲಸ ಬಿಟ್ಟಿರುವವರಿಗೂ ಬಾಕಿ ಸಲ್ಲಬೇಕು. ಅರ್ಜಿ ಹಾಕುವ ಮುನ್ನ ಅವರ ಫೋನ್ ನಂಬರ್ ಹುಡುಕಿ ಪಟ್ಟಿಗೆ ಸೇರಿಸಿ. ಬಾಕಿ ಖಾತೆಗೆ ಬಿದ್ದ ಮೇಲೆ ಪಿಎಫ್ ಪಾಸ್‌ಬುಕ್ ಮತ್ತೊಮ್ಮೆ ತೆಗೆದು, ಬಾಕಿಯ ಮೇಲಿನ 12% ಮತ್ತು ಮಾಲೀಕರ ಪಾಲು ಎರಡೂ ಬಂದಿವೆಯೇ ನೋಡಿ. ಬಂದಿರದಿದ್ದರೆ ಅದಕ್ಕೆ ಪಿಎಫ್ ಕಚೇರಿಗೆ ಬೇರೆಯೇ ದೂರು ಕೊಡಬೇಕು.